ಫೋನೂ ಒಂದು ಪಾಟಿ



ನಾವು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ಹೆಂಗಸರು. ನಮ್ಮ ಸಂಘದಲ್ಲಿ 12 ಮಂದಿ ಇದ್ದೇವೆ. ಜೋಳದ ರೊಟ್ಟಿ ಬಡಿದು ಮಾರುತ್ತೇವೆ. ಹಗಲು ಹೊಲದ ಕೆಲಸ. ಸಂಜೆ ರೊಟ್ಟಿ ಕೆಲಸ. ರಾತ್ರಿ ಕೂತು ಅಕ್ಷರ ಕಲಿತೆವು. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಎಲ್ಲರೂ ಸಹಿ ಹಾಕುತ್ತೇವೆ.

ಆದರೆ ಕಲಿತ ಅಕ್ಷರ ಬಳಸದಿದ್ದರೆ ಮರೆತುಹೋಗುತ್ತದೆ. ಮೂಲೆಯಲ್ಲಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುವುದಿಲ್ಲವೇ? ಹಾಗೆಯೇ ಇದು. ಸುಗ್ಗಿ ಬಂತು. ಎರಡು ತಿಂಗಳು ನಮ್ಮ ತರಗತಿ ನಡೆಯಲಿಲ್ಲ. ಮತ್ತೆ ಕೂತಾಗ ಒತ್ತಕ್ಷರಗಳು ಅರ್ಧ ಮರೆತಿದ್ದವು. ಆಗ ನಮ್ಮ ಹಿರಿಯಕ್ಕ ಹೇಳಿದರು:

"ಪುಸ್ತಕ ಮನ್ಯಾಗ ಇರ್ತದ. ಫೋನು ಕೈಯಾಗ ಇರ್ತದ. ಕೈಯಾಗ ಇದ್ದದ್ದರಾಗ ಯಾಕ ಓದಬಾರದು?"

ಮಾತು ಸರಿ ಅನಿಸಿತು. ಆದರೆ ಎಲ್ಲರ ಕೈಯಲ್ಲೂ ಫೋನು ಎಲ್ಲಿದೆ? ಕೆಲವರ ಮನೆಯಲ್ಲಿ ಫೋನು ಗಂಡನ ಕೈಯಲ್ಲಿ. ಕೆಲವರ ಮನೆಯಲ್ಲಿ ಮಗನ ಕೈಯಲ್ಲಿ. ಅದಕ್ಕೆ ನಾವು ಸಂಘದ ಉಳಿತಾಯದಿಂದ ಒಂದು ಫೋನು ಕೊಂಡೆವು. ಮನೆಯಲ್ಲಿಯೂ ಕೇಳಿದೆವು: "ದಿನಾ ಅರ್ಧ ತಾಸು ಫೋನು ನಮಗ ಕೊಡ್ರಿ. ನಾವು ಓದಬೇಕು." ಕೆಲವರು ನಕ್ಕರು. ಆದರೂ ಕೊಟ್ಟರು.

ಓದಿಗೆ ಒಂದು ಗುಂಪು

ವಾಟ್ಸಾಪ್ 2009ರಲ್ಲಿ ಶುರುವಾಯಿತು. ಅದರಲ್ಲಿ ಬರೆದು ಕಳಿಸಬಹುದು. ಮಾತಾಡಿ ಕಳಿಸಬಹುದು. ಚಿತ್ರ ಕಳಿಸಬಹುದು. ಹಲವರು ಸೇರಿ ಒಂದು ಗುಂಪು ಮಾಡಿಕೊಳ್ಳಬಹುದು. ನಾವೂ ಒಂದು ಓದುವ ಗುಂಪು ಮಾಡಿದೆವು. ನಮ್ಮ ಕಲಿಸುವ ತಂಗಿಯೂ ಅದರಲ್ಲಿ ಸೇರಿದಳು.

ಗುಂಪಿಗೆ ಒಂದೇ ನಿಯಮ ಇಟ್ಟೆವು. ಪ್ರತಿಯೊಬ್ಬರೂ ದಿನಕ್ಕೆ ಒಂದು ಸಾಲು ಬರೆಯಬೇಕು. ಮಾತಾಡಿ ಕಳಿಸಿದರೆ ಲೆಕ್ಕಕ್ಕಿಲ್ಲ. ಯಾಕೆಂದರೆ ಬಾಯಿಗೆ ಮಾತು ಬರುತ್ತದೆ. ಕೈಗೆ ಅಕ್ಷರ ಬರಬೇಕು.

ಮೊದಲ ದಿನ ಒಬ್ಬಳು ಬರೆದಳು: "ಇವತ ಮಳ ಬಂತ." ಕಲಿಸುವ ತಂಗಿ ತಿದ್ದಿ ಕಳಿಸಿದಳು: "ಇವತ್ತು ಮಳೆ ಬಂತು." ನಾವೆಲ್ಲ ಅದನ್ನು ನೋಡಿ ಬರೆದೆವು. ಒಬ್ಬರ ತಪ್ಪಿನಿಂದ 12 ಮಂದಿ ಕಲಿತೆವು.

ಫೋನಿನಲ್ಲಿ ಕನ್ನಡ ಬರೆಯುವುದು ಕಷ್ಟವೇ? ಅಲ್ಲ. ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಕೀಬೋರ್ಡ್ ಸೇರಿಸಬೇಕು. ಒತ್ತಕ್ಷರಕ್ಕೆ ಒಂದು ಗುಟ್ಟಿದೆ. "ಅಕ್ಕ" ಎಂದು ಬರೆಯಬೇಕೇ? ಅ ಒತ್ತಿ. ಕ ಒತ್ತಿ. ಆಮೇಲೆ ್ ಗುರುತು ಒತ್ತಿ. ಮತ್ತೆ ಕ ಒತ್ತಿ. "ಅಕ್ಕ" ಬಂತು! ಹೀಗೆಯೇ "ರೊಟ್ಟಿ", "ಹಳ್ಳಿ", "ಎಮ್ಮೆ" ಬರೆಯಬಹುದು.

ನೋಡಿ ಕಲಿಯುವುದು

ಯೂಟ್ಯೂಬ್‌ನಲ್ಲಿ ವಿಡಿಯೋ ನೋಡಿ ಕಲಿಯಬಹುದು. ಮೈಕಿನ ಚಿತ್ರ ಒತ್ತಿ ಕನ್ನಡದಲ್ಲಿಯೇ ಕೇಳಬಹುದು. "ಕುಬಸ ಹೊಲಿಯುವುದು ಹೇಗೆ?" ಎಂದರೆ ಸಾಕು. ತಿಳಿಯದಿದ್ದರೆ ನಿಲ್ಲಿಸಬಹುದು. ಮತ್ತೆ ಮತ್ತೆ ನೋಡಬಹುದು. ಹತ್ತು ಸಲ ಕೇಳಿದರೂ ಅದು ಬೈಯುವುದಿಲ್ಲ.

ಆದರೆ ಬರೀ ನೋಡಿದರೆ ಕಲಿತಂತಲ್ಲ. ನಾವು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳುತ್ತೇವೆ. ಅಳತೆ ಬರೆದುಕೊಳ್ಳುತ್ತೇವೆ. ಆಮೇಲೆ ಮಾಡಿ ನೋಡುತ್ತೇವೆ. ಇನ್ನೊಂದು ಮಾತು. ವಿಡಿಯೋ ನೋಡಿದರೆ ಡೇಟಾ ಬೇಗ ಖರ್ಚಾಗುತ್ತದೆ. ಬರಹಕ್ಕೆ ಬಹಳ ಕಡಿಮೆ ಸಾಕು.

ಕೇಂದ್ರ ಸರ್ಕಾರದ ಸಾಕ್ಷರತಾ ಕಾರ್ಯಕ್ರಮಕ್ಕೆ "ಉಲ್ಲಾಸ್" ಎಂದು ಹೆಸರು. ಇದನ್ನು 2022ರಿಂದ 2027ರ ಅವಧಿಗೆ ರೂಪಿಸಲಾಯಿತು. ಇದು 15 ವರ್ಷ ದಾಟಿದವರಿಗೆ. ಇದಕ್ಕೂ ಫೋನಿನಲ್ಲಿ ಒಂದು ಆ್ಯಪ್ ಮಾಡಿದ್ದಾರೆ.

ದುಡಿಮೆಗೆ ಫೋನು

ಮೊದಲು ನಾವು ರೊಟ್ಟಿ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದೆವು. ಮಾರಾಟವಾಗದೆ ಉಳಿದರೆ ಹೊತ್ತು ತರುತ್ತಿದ್ದೆವು. ಈಗ ಮೊದಲು ಆರ್ಡರ್ ಬರುತ್ತದೆ. ಆಮೇಲೆ ರೊಟ್ಟಿ ಬಡಿಯುತ್ತೇವೆ.

ವಾಟ್ಸಾಪ್ ಬಿಸಿನೆಸ್ ಎಂಬ ಬೇರೆ ಆ್ಯಪ್ ಇದೆ. ಅದು 2018ರಲ್ಲಿ ಬಂತು. ಸಣ್ಣ ವ್ಯಾಪಾರದವರಿಗೆ ಅದು ಪುಕ್ಕಟೆ. ಅದರಲ್ಲಿ ನಮ್ಮ ಸಾಮಾನಿನ ಚಿತ್ರ ಮತ್ತು ದರ ಹಾಕಿ ಇಡಬಹುದು. ನಾವು ಹೀಗೆ ಮಾಡಿದೆವು:

ಬೆಳಗಿನ ಬೆಳಕಿನಲ್ಲಿ ಚಿತ್ರ ತೆಗೆದೆವು. ಕೆಳಗೆ ಬಿಳಿ ಬಟ್ಟೆ ಹಾಸಿದೆವು. ಚಿತ್ರದ ಕೆಳಗೆ ಬರೆದೆವು: "ಕಡಕ್ ಜೋಳದ ರೊಟ್ಟಿ. ಒಂದಕ್ಕೆ 8 ರೂಪಾಯಿ. ಎರಡು ದಿನ ಮೊದಲು ಹೇಳಿರಿ." ಸಂಘದ ಫೋನ್ ನಂಬರ್ ಮಾತ್ರ ಕೊಟ್ಟೆವು. ನಮ್ಮ ನಮ್ಮ ಸ್ವಂತ ನಂಬರ್ ಹಾಕಲಿಲ್ಲ.

ಬಂದ ಆರ್ಡರ್ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಯಾರಿಗೆ? ಎಷ್ಟು? ಯಾವಾಗ? ರೊಕ್ಕ ಬಂತೋ ಇಲ್ಲವೋ? ಫೋನು ಕೆಟ್ಟರೂ ಲೆಕ್ಕ ಕೆಡಬಾರದು.

ನಾವು ಕಳೆದುಕೊಂಡ 2,000 ರೂಪಾಯಿ

ಈಗ ಒಂದು ನೋವಿನ ಮಾತು. ನಮ್ಮಲ್ಲಿ ಒಬ್ಬ ತಂಗಿಗೆ ಒಂದು ದಿನ ಫೋನು ಬಂತು.

"500 ರೊಟ್ಟಿ ಬೇಕು. ಅರ್ಧ ರೊಕ್ಕ ಈಗಲೇ ಕಳಿಸ್ತೀನಿ. ನಿಮ್ಮ ವಾಟ್ಸಾಪ್‌ಗೆ ಒಂದು ಚೌಕದ ಚಿತ್ರ ಬರ್ತದ. ಅದನ್ನ ಸ್ಕ್ಯಾನ್ ಮಾಡ್ರಿ. ಪಿನ್ ಹಾಕ್ರಿ. ರೊಕ್ಕ ನಿಮ್ಮ ಖಾತೆಗೆ ಬರ್ತದ."

ದೊಡ್ಡ ಆರ್ಡರ್. ತಂಗಿಗೆ ಖುಷಿ. ಹೇಳಿದ ಹಾಗೆ ಮಾಡಿದಳು. ರೊಕ್ಕ ಬರಲಿಲ್ಲ. ಅವಳ ಖಾತೆಯಿಂದಲೇ 2,000 ರೂಪಾಯಿ ಹೋಯಿತು.

ತಂಗಿ ಹೆದರಿದಳು. ಮನೆಯಲ್ಲಿ ಗೊತ್ತಾದರೆ ಫೋನು ಕಸಿದುಕೊಳ್ಳುತ್ತಾರೆ ಎಂದು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಸಂಘದಲ್ಲಿ ಅತ್ತಳು. ಕೂಡಲೇ 1930ಕ್ಕೆ ಫೋನು ಮಾಡಿದೆವು. ಅದು ಸೈಬರ್ ಮೋಸದ ದೂರು ಕೊಡುವ ಸರ್ಕಾರದ ಸಂಖ್ಯೆ. ದೂರು ಬರೆದುಕೊಂಡರು. ಆದರೆ ತಡವಾಗಿತ್ತು. ಮೋಸಗಾರ ಅಷ್ಟರಲ್ಲಿ ರೊಕ್ಕ ತೆಗೆದಿದ್ದ. ಬೇಗ ತಿಳಿಸಿದ್ದರೆ ಆ ರೊಕ್ಕವನ್ನು ಬ್ಯಾಂಕಿನಲ್ಲಿ ತಡೆಯಲು ದಾರಿ ಇರುತ್ತಿತ್ತು.

ನಾವು ತಂಗಿಗೆ ಬೈಯಲಿಲ್ಲ. "ತಪ್ಪು ನಿಂದಲ್ಲವ್ವಾ, ಮೋಸ ಮಾಡಿದವಂದು" ಎಂದೆವು. ಬೈದರೆ ಮುಂದೆ ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಮೋಸ ಬೆಳೆಯುತ್ತದೆ.

ಆಮೇಲೆ ಎಲ್ಲರೂ ಕೂತು ಯೋಚನೆ ಮಾಡಿದೆವು. ಪರದೆಯ ಮೇಲೆ "ಪಾವತಿ ಮಾಡಿ" ಎಂದೇ ಇತ್ತು. ಆದರೆ ಇಂಗ್ಲಿಷಿನಲ್ಲಿ ಇತ್ತು. ತಂಗಿಗೆ ಕನ್ನಡ ಓದಲು ಬರುತ್ತಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ. ರೊಕ್ಕ ಕಳಿಸುವ ಹಲವು ಆ್ಯಪ್‌ಗಳಲ್ಲಿ ಕನ್ನಡವೂ ಇದೆ. ಅದೇ ದಿನ ನಾವೆಲ್ಲ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆವು.

ಇದನ್ನು ಗಟ್ಟಿಯಾಗಿ ಓದಿ:

ರೊಕ್ಕ ಕೊಡಲು ಪಿನ್ ಬೇಕು.
ರೊಕ್ಕ ಪಡೆಯಲು ಪಿನ್ ಬೇಡ.

ಬಂದದ್ದೆಲ್ಲ ಖರೇ ಅಲ್ಲ

ಗುಂಪಿನಲ್ಲಿ ಸುಳ್ಳು ಸುದ್ದಿಯೂ ಬರುತ್ತದೆ. 2018ರ ಜುಲೈ ತಿಂಗಳು. "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ಸುಳ್ಳು ಮಾತು ವಾಟ್ಸಾಪ್‌ನಲ್ಲಿ ಹರಡಿತು. ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅವನು ಕಳ್ಳನಲ್ಲ. ಒಂದು ಸುಳ್ಳು ಒಂದು ಜೀವ ತೆಗೆಯಿತು.

ಆ ವರ್ಷವೇ ನಮ್ಮ ದೇಶದಲ್ಲಿ ಒಂದು ಮಿತಿ ಬಂತು. ಬಂದ ಸಂದೇಶವನ್ನು ಒಂದು ಸಲಕ್ಕೆ ಐದು ಕಡೆ ಮಾತ್ರ ದಾಟಿಸಬಹುದು. ಬಹಳ ಸಲ ಕೈ ಬದಲಿಸಿದ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಆ ಗುರುತು ಕಂಡರೆ ನಾವು ಕೇಳುತ್ತೇವೆ:

"ಇದು ಖರೇ ಅದ ಏನು? ಯಾರು ಕಂಡಾರ? ಯಾವ ಊರು? ಯಾವ ದಿನ?"

ಉತ್ತರ ಇಲ್ಲವೇ? ಹಾಗಾದರೆ ಮುಂದೆ ಕಳಿಸುವುದಿಲ್ಲ.

ನಮ್ಮ ಸಂಘದ ಐದು ನಿಯಮ

1. ಪಿನ್ ಮತ್ತು ಓಟಿಪಿ ಯಾರಿಗೂ ಹೇಳುವುದಿಲ್ಲ. ಬ್ಯಾಂಕಿನವರು ಎಂದರೂ ಹೇಳುವುದಿಲ್ಲ.
2. ಗೊತ್ತಿಲ್ಲದವರು ಕಳಿಸಿದ ಲಿಂಕ್ ಒತ್ತುವುದಿಲ್ಲ.
3. ಆಧಾರ್ ಮತ್ತು ಪಾಸ್‌ಬುಕ್ಕಿನ ಚಿತ್ರ ಗುಂಪಿನಲ್ಲಿ ಹಾಕುವುದಿಲ್ಲ.
4. ಕಾಡಿಸುವವರ ನಂಬರ್ ಬ್ಲಾಕ್ ಮಾಡುತ್ತೇವೆ. ಸಂಘಕ್ಕೆ ಹೇಳುತ್ತೇವೆ.
5. ಮೋಸವಾದರೆ ಮುಚ್ಚಿಡುವುದಿಲ್ಲ. ಆ ಕ್ಷಣವೇ 1930ಕ್ಕೆ ಫೋನು ಮಾಡುತ್ತೇವೆ.

ಫೋನೂ ಒಂದು ಪಾಟಿ. ಆದರೆ ಒಂದು ವ್ಯತ್ಯಾಸ ಇದೆ. ಪಾಟಿಯ ಮೇಲೆ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಫೋನಿನಲ್ಲಿ ಕಳಿಸಿದ್ದು ಇನ್ನೊಬ್ಬರ ಕೈ ಸೇರುತ್ತದೆ. ಅದಕ್ಕೆ ಬರೆಯುವ ಮೊದಲು ಯೋಚಿಸೋಣ. ಆದರೆ ಹೆದರಿ ಬರೆಯುವುದನ್ನು ಬಿಡುವುದು ಬೇಡ.

ರೊಕ್ಕ ಕಳೆದುಕೊಂಡ ಆ ತಂಗಿ ಈಗ ಏನು ಮಾಡುತ್ತಾಳೆ ಗೊತ್ತೇ? ಸಂಘದ ಫೋನು ಅವಳ ಹತ್ತಿರವೇ ಇದೆ. ಆರ್ಡರ್ ಬರೆದುಕೊಳ್ಳುವವಳು ಅವಳೇ. ಹೊಸದಾಗಿ ಸೇರಿದವರಿಗೆ ಪಿನ್ ಪಾಠ ಹೇಳುವವಳೂ ಅವಳೇ.

ಉತ್ತರ ಹೇಳಿ

1. ಓದುವ ಗುಂಪಿನಲ್ಲಿ ಮಾತಾಡಿ ಕಳಿಸಿದರೆ ಯಾಕೆ ಲೆಕ್ಕಕ್ಕಿಲ್ಲ?
2. ತಂಗಿ ಎರಡು ದಿನ ಯಾಕೆ ಸುಮ್ಮನಿದ್ದಳು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
3. ಒಂದು ರೊಟ್ಟಿಗೆ 8 ರೂಪಾಯಿ. 500 ರೊಟ್ಟಿಗೆ ಎಷ್ಟು? ಅದರ ಅರ್ಧ ಎಷ್ಟು?

ಬಿಟ್ಟ ಜಾಗ ತುಂಬಿ

ರೊಕ್ಕ ಪಡೆಯಲು ........ ಬೇಡ.
ಸೈಬರ್ ಮೋಸಕ್ಕೆ ದೂರು ಕೊಡುವ ಸಂಖ್ಯೆ ........

ಮಾಡಿ ನೋಡಿ

ಇವತ್ತು ನೀವು ಮಾಡಿದ ಒಂದು ಕೆಲಸದ ಬಗ್ಗೆ ಫೋನಿನಲ್ಲಿ ಒಂದು ಸಾಲು ಬರೆಯಿರಿ. ನಿಮ್ಮ ಗೆಳತಿಗೆ ಕಳಿಸಿ. ಅವರಿಂದ ಬಂದ ಉತ್ತರವನ್ನು ಗಟ್ಟಿಯಾಗಿ ಓದಿ.