ಮೆಟ್ಟಿಲಿಗೂ ಕಾನೂನಿದೆ

ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಹೊರ ವರ್ತುಲ ರಸ್ತೆ ದಾಟುವವರಿಗೆ ಸ್ಕೈವಾಕೇ ಗತಿ. ಲಿಫ್ಟ್ ಕೆಟ್ಟ ದಿನ ಉಳಿದವರು ಗೊಣಗುತ್ತಾ ಮೆಟ್ಟಿಲು ಹತ್ತುತ್ತಾರೆ. ಗಾಲಿಕುರ್ಚಿಯವರು ಈಚೆ ದಡದಲ್ಲೇ ಉಳಿಯುತ್ತಾರೆ. ಫುಟ್‌ಪಾತಿಗೆ ಬೈಕ್ ಏರದಿರಲೆಂದು ನೆಟ್ಟ ಗೂಟಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಬೈಕ್ ಸವಾರ ಹೇಗೋ ಸಂದಿ ಹುಡುಕಿ ನುಸುಳುತ್ತಾನೆ, ಸಿಕ್ಕಿಕೊಳ್ಳುವುದು ಗಾಲಿಕುರ್ಚಿ.

ಇದು ಹಣೆಬರಹವಲ್ಲ, ನಕ್ಷೆ ಬರೆದವರ ಕೆಲಸ. ಆ ನಕ್ಷೆಯನ್ನು ತಡೆಯುವ ಅಧಿಕಾರ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿದೆ. ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡಬಾರದು, ಕಟ್ಟಿ ಮುಗಿದ ಮೇಲೂ ಪೂರ್ಣತಾ ಪ್ರಮಾಣಪತ್ರ ನೀಡಬಾರದು ಎನ್ನುತ್ತದೆ 44ನೇ ಕಲಂ. ಸರ್ಕಾರಿ ಕಚೇರಿಗಷ್ಟೇ ಇದು ಅನ್ವಯ ಎಂದುಕೊಂಡವರೇ ಹೆಚ್ಚು. ಜನ ಬಂದುಹೋಗುವ ಖಾಸಗಿ ಮಾಲ್, ಆಸ್ಪತ್ರೆ, ಐಟಿ ಕಂಪನಿಯ ಕಟ್ಟಡವೂ ಕಾನೂನಿನ ಕಣ್ಣಿಗೆ ಸಾರ್ವಜನಿಕ ಕಟ್ಟಡವೇ. ಹಳೆಯ ಕಟ್ಟಡಗಳನ್ನು ಸರಿಪಡಿಸಲು 45ನೇ ಕಲಂ ಕೊಟ್ಟ ಗಡುವು, 2017ರ ಜೂನ್‌ನಲ್ಲಿ ನಿಯಮಗಳು ಬಂದಂದಿನಿಂದ ಐದು ವರ್ಷ.

ರ‍್ಯಾಂಪ್ ಇದ್ದರೆ ಸಾಲದು. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲ ಮೇಲೆ ಸಿಮೆಂಟ್ ಮೆತ್ತಿದ ಜಾರುಬಂಡೆಗಳನ್ನು ರ‍್ಯಾಂಪ್ ಎನ್ನುವುದು ಕಣ್ಣೊರೆಸುವ ಆಟ.

ಈ ಅಳತೆಗಳು ಬಹುಕಾಲ ಬರೀ ಸಲಹೆಯಾಗಿದ್ದವು. ರಾಜೀವ್ ರಾತುರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಅದೇ ಕಾರಣಕ್ಕೆ 2017ರ ನಿಯಮಗಳಲ್ಲಿ ಈ ಮಾನದಂಡಗಳ ಕುರಿತ 15ನೇ ನಿಯಮವನ್ನು ಮೂಲ ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿತು; ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

ದೂರು ಎಲ್ಲಿಗೆ? 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಮಾರತ್ತಹಳ್ಳಿ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಮೊದಲು ಫೋಟೊ, ಜಾಗ, ದಿನಾಂಕದೊಂದಿಗೆ ಅಲ್ಲಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಜೊತೆಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ದೂರು ಕಟ್ಟಡದ ಬಗ್ಗೆಯಾದರೆ ಅದರ ಮಂಜೂರಾದ ನಕ್ಷೆ, ಪೂರ್ಣತಾ ಪ್ರಮಾಣಪತ್ರದ ಪ್ರತಿ ಕೇಳಬಹುದು. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ. ಪ್ರಮಾಣಪತ್ರ ಕೊಟ್ಟವರ ಸಹಿ ಕೈಗೆ ಸಿಕ್ಕರೆ ದೂರಿನ ತೂಕವೇ ಬೇರೆ.

ಪಾಲಿಕೆ ಕದಲದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಕಾಯ್ದೆ ಉಲ್ಲಂಘನೆಗೆ ಮೊದಲ ಬಾರಿ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷ. ದೊಡ್ಡ ಬಿಲ್ಡರ್‌ಗೆ ಮೊದಲ ದಂಡ ಒಂದು ಹೊತ್ತಿನ ಊಟದ ಖರ್ಚು, ನಿಜ.

ವಕೀಲರ ಶುಲ್ಕದ ಭಯ ಬೇಡ. ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.