ದಾಬೋಳಿಯ ವಿಮಾನನಿಲ್ದಾಣ: ಒಂದು ಅಧ್ಯಯನ

ವಿಮಾನನಿಲ್ದಾಣವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗಾಜಿನ ಗೋಡೆಗಳ ದೊಡ್ಡ ಕಟ್ಟಡ, ಅದರೊಳಗೆ ಪೆಟ್ಟಿಗೆ ಹಿಡಿದು ಸಾಲುಗಟ್ಟಿದ ಜನ. ಆದರೆ ಕಟ್ಟಡವು ನಿಲ್ದಾಣದ ಜಗಲಿ ಮಾತ್ರ. ಅದರ ಜೀವವಿರುವುದು ವಿಮಾನವು ಓಡಿ ಮೇಲೇರುವ ರನ್‌ವೇಯಲ್ಲಿ. ಈ ರನ್‌ವೇ ಒಂದೇ ಇದ್ದು, ಪ್ರಯಾಣಿಕರ ವಿಮಾನವೂ ಯುದ್ಧವಿಮಾನವೂ ಅದನ್ನೇ ಬಳಸಬೇಕಾಗಿ ಬಂದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಪ್ರಶ್ನೆಯನ್ನು ನಮ್ಮ ನೆರೆಯ ಗೋವೆಯ ದಾಬೋಳಿ ನಿಲ್ದಾಣದ ಉದಾಹರಣೆಯಿಂದ ಪರಿಶೀಲಿಸಬಯಸುತ್ತೇನೆ.

ಮೊದಲು ಅದರ ಇತಿಹಾಸವನ್ನು ನೋಡೋಣ. ಗೋವೆಯು ಪೋರ್ಚುಗೀಜರ ವಶದಲ್ಲಿದ್ದಾಗ, 1950ರ ದಶಕದಲ್ಲಿ, ವಾಸ್ಕೋ ನಗರದ ಸಮೀಪದ ಎತ್ತರದ ಬಯಲಿನಲ್ಲಿ ಈ ನಿಲ್ದಾಣವು ನಿರ್ಮಾಣವಾಯಿತು. ಭಾರತದೊಡನೆ ಅವರ ಸಂಬಂಧವು ಕೆಟ್ಟು, ಗಡಿಯ ವ್ಯಾಪಾರವು ನಿಂತುಹೋಗಿದ್ದ ಕಾಲವದು. ದಮನ್, ದೀವ್, ಕರಾಚಿಗಳಿಗೆ ಇಲ್ಲಿಂದ ಅವರ ವಿಮಾನಗಳು ಹೋಗಿ ಬರುತ್ತಿದ್ದುವು. 1961ರ ಡಿಸೆಂಬರ್ 18ರಂದು ಗೋವೆಯ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ಪುಣೆಯಿಂದ ಬಂದ ನಮ್ಮ ಕ್ಯಾನ್‌ಬೆರಾ ವಿಮಾನಗಳು ರನ್‌ವೇಯ ಮೇಲೆ ಬಾಂಬು ಹಾಕಿದುವು; ಕಟ್ಟಡಗಳಿಗೆ ಹಾನಿಯಾಗದಂತೆ ಎಚ್ಚರ ವಹಿಸಿದುವು. ಆದರೂ ಆ ರಾತ್ರಿಯೇ ಪೋರ್ಚುಗೀಜರು ಹಳ್ಳಗಳನ್ನು ಅವಸರದಿಂದ ಮುಚ್ಚಿ, ಅಲ್ಲಿ ನಿಂತಿದ್ದ ಎರಡು ವಿಮಾನಗಳನ್ನು ಕರಾಚಿಗೆ ಹಾರಿಸಿಕೊಂಡು ಹೋದರು.

ವಿಮೋಚನೆಯ ನಂತರ, 1962ರಲ್ಲಿ, ನಿಲ್ದಾಣವು ಭಾರತೀಯ ನೌಕಾದಳದ ಕೈಸೇರಿತು. ಇದಕ್ಕೆ ತಕ್ಕ ಕಾರಣವಿದ್ದಿತು. 1961ರಲ್ಲಿಯೇ ನಮ್ಮ ಮೊದಲನೆಯ ವಿಮಾನವಾಹಕ ಹಡಗು ವಿಕ್ರಾಂತವು ಸೇವೆಗೆ ಸೇರಿತ್ತು. ಹಡಗು ಬಂದರಿನಲ್ಲಿರುವಾಗ ಅದರ ವಿಮಾನಗಳಿಗೆ ದಡದಲ್ಲೊಂದು ನೆಲೆ ಬೇಕು. ಕೊಯಮತ್ತೂರಿನ ಬಳಿ ಆರಂಭವಾಗಿದ್ದ ಹಂಸ ಎಂಬ ನೌಕಾವಾಯುನೆಲೆಯು 1964ರಲ್ಲಿ ದಾಬೋಳಿಗೆ ಬಂದಿತು. ಅಂದಿನಿಂದ ನೆಲವೂ ರನ್‌ವೇಯೂ ಹಾರಾಟದ ನಿಯಂತ್ರಣವೂ ನೌಕಾದಳದವು. ಪ್ರಯಾಣಿಕರ ಕಟ್ಟಡ ಮತ್ತು ಅದರ ಅಂಗಳವು ನಾಗರಿಕ ವಿಮಾನಯಾನದ ಪಾಲು.

ಈ ಏರ್ಪಾಡಿನ ಲಾಭವು ಸ್ಪಷ್ಟವಾಗಿದೆ. ಸುಮಾರು 3,400 ಮೀಟರ್ ಉದ್ದದ ರನ್‌ವೇಯನ್ನು ಎರಡು ಸಲ ಕಟ್ಟಬೇಕಾಗಲಿಲ್ಲ. ಬೆಟ್ಟ, ಗದ್ದೆ, ಕಡಲುಗಳ ನಡುವೆ ಸಮತಟ್ಟಾದ ನೆಲವೇ ವಿರಳವಾದ ಗೋವೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. 1980ರ ದಶಕದಿಂದ ಯೂರೋಪಿನ ಪ್ರವಾಸಿಗಳು ಗೊತ್ತುಮಾಡಿದ ವಿಮಾನಗಳಲ್ಲಿ ನೇರವಾಗಿ ಇಲ್ಲಿಗೇ ಬಂದಿಳಿಯತೊಡಗಿದರು. ಆ ಸಣ್ಣ ನಾಡಿನ ಪ್ರವಾಸೋದ್ಯಮವು ಬೆಳೆದುದು ನೌಕಾದಳದ ರನ್‌ವೇಯ ಮೇಲೆಯೇ ಎಂದರೆ ತಪ್ಪಾಗಲಾರದು.

ಆದರೆ ನೆಲದಲ್ಲಿ ಉಳಿಸಿದುದನ್ನು ಹೊತ್ತಿನಲ್ಲಿ ಕೊಡಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಒಂದು ಕಾಲುವೆಯ ನೀರನ್ನು ಹಲವರು ಸರದಿಯಿಂದ ಹಾಯಿಸಿಕೊಳ್ಳುವುದುಂಟು. ಒಬ್ಬನ ಗದ್ದೆಗೆ ನೀರು ಹರಿಯುವಾಗ ಇನ್ನೊಬ್ಬನು ಕಾಯಬೇಕು. ದಾಬೋಳಿಯಲ್ಲಿಯೂ ಹಾಗೆಯೇ. ಬಹುಕಾಲ ವಾರದ ಐದು ದಿನ ಬೆಳಗಿನ ಹಲವು ಗಂಟೆಗಳು ನೌಕಾದಳದ ತರಬೇತಿಗೆ ಮೀಸಲಾಗಿದ್ದುವು. ಪ್ರಯಾಣಿಕರ ವಿಮಾನವು ಒಮ್ಮೆ ಇಳಿದು ಒಮ್ಮೆ ಏರಿದರೆ ಅದರ ಕೆಲಸ ಮುಗಿಯಿತು. ಯುದ್ಧವಿಮಾನದ ಶಿಕ್ಷಾರ್ಥಿಯಾದರೋ ನೆಲವನ್ನು ಮುಟ್ಟಿದೊಡನೆ ಮತ್ತೆ ಏರಿ, ಸುತ್ತು ಹಾಕಿ, ಮತ್ತೆ ಇಳಿಯಬೇಕು. ಹಡಗಿನ ಚಿಕ್ಕ ಅಟ್ಟದ ಮೇಲೆ ಇಳಿಯಲಿರುವವನು ಈ ಅಭ್ಯಾಸವನ್ನು ದಡದಲ್ಲಿಯೇ ಮಾಡಿಕೊಳ್ಳದಿದ್ದರೆ ಸಮುದ್ರದಲ್ಲಿ ಪ್ರಾಣವನ್ನೇ ತೆರಬೇಕಾದೀತು. ಆದುದರಿಂದ ಈ ಗಂಟೆಗಳನ್ನು ವ್ಯರ್ಥವೆನ್ನಲು ನನಗೆ ಮನಸ್ಸಾಗದು.

ಇದಕ್ಕೆ ನಮ್ಮ ರಾಜ್ಯದ ಸಂಬಂಧವೂ ಉಂಟು. ಬೆಂಗಳೂರಿನಲ್ಲಿ ರೂಪುಗೊಂಡ ಲಘು ಯುದ್ಧವಿಮಾನದ ನೌಕಾ ಮಾದರಿಯು ಮೇಲೆ ಬಾಗಿದ ಇಳಿಜಾರಿನಿಂದ ಮೊದಲು ನೆಗೆದುದು ಹಂಸ ನೆಲೆಯಲ್ಲಿ, 2014ರ ಡಿಸೆಂಬರಿನಲ್ಲಿ. ಬಾಲದ ಕೊಕ್ಕೆಯಿಂದ ಅಡ್ಡತಂತಿಯನ್ನು ಹಿಡಿದು ಮೊದಲು ನಿಂತುದೂ ಅಲ್ಲಿಯೇ, 2019ರ ಸೆಪ್ಟೆಂಬರಿನಲ್ಲಿ. ಮರುವರ್ಷದ ಜನವರಿಯಲ್ಲಿ ಅದು ವಿಕ್ರಮಾದಿತ್ಯ ಹಡಗಿನ ಮೇಲೆ ಇಳಿಯಿತು.

ಇನ್ನೊಂದು ತೊಡಕೆಂದರೆ, ಹಾದಿ ಒಂದೇ ಆದಾಗ ಒಬ್ಬರ ಅಪಘಾತವು ಇಬ್ಬರ ದಾರಿಯನ್ನೂ ಕಟ್ಟುತ್ತದೆ. 2016ರ ಡಿಸೆಂಬರ್ 27ರ ನಸುಕಿನಲ್ಲಿ ಮುಂಬಯಿಗೆ ಹೊರಟಿದ್ದ ಪ್ರಯಾಣಿಕರ ವಿಮಾನವೊಂದು ರನ್‌ವೇಯಿಂದ ಹೊರಜಾರಿತು. 2018ರ ಜನವರಿ 3ರಂದು ನೌಕಾದಳದ ಮಿಗ್-29ಕೆ ವಿಮಾನವು ಹೊರಗೆ ಓಡಿ ಬೆಂಕಿಗೆ ತುತ್ತಾಯಿತು; ಚಾಲಕನು ಬದುಕಿಕೊಂಡನು. ಎರಡು ಸಲವೂ ಉಳಿದ ವಿಮಾನಗಳು ಕಾಯಬೇಕಾಯಿತು.

ಹೀಗಿರಲು ಉತ್ತರ ಗೋವೆಯ ಮೋಪಾದಲ್ಲಿ ಹೊಸ ನಿಲ್ದಾಣವು ಸಿದ್ಧವಾಗಿ, 2023ರ ಜನವರಿ 5ರಿಂದ ಅಲ್ಲಿ ಸಂಚಾರವು ಆರಂಭವಾಯಿತು. ಅಲ್ಲಿ ಸರದಿಯ ತೊಡಕಿಲ್ಲ. 2024ರ ಜೂನ್ ತಿಂಗಳಲ್ಲಿ ಕತಾರ್ ದೇಶದ ವಿಮಾನಗಳು ದಾಬೋಳಿಯನ್ನು ಬಿಟ್ಟು ಮೋಪಾಕ್ಕೆ ಹೋದುವು. ದಕ್ಷಿಣ ಗೋವೆಯ ಜನರಿಗೆ ಚಿಂತೆ ಹತ್ತಿರುವುದು ಇಲ್ಲಿಯೇ. ಟ್ಯಾಕ್ಸಿಯವರು, ಹೋಟೆಲಿನವರು, ಸಾಮಾನು ಹೊರುವವರು, ವಾಸ್ಕೋದಲ್ಲಿ ನೆಲೆನಿಂತ ನಮ್ಮ ಉತ್ತರ ಕರ್ನಾಟಕದ ದುಡಿಮೆಗಾರರು, ಇವರೆಲ್ಲರ ಅನ್ನವು ಜನಸಂಚಾರವನ್ನು ಅವಲಂಬಿಸಿದೆ. ದಾಬೋಳಿಯು ಮುಚ್ಚದೆಂದು ಗೋವೆಯ ಸರಕಾರವು ಭರವಸೆ ಕೊಟ್ಟಿದೆ. ಆದರೆ ಬಾಗಿಲು ತೆರೆದಿರುವುದೇ ಬೇರೆ, ಬಾಗಿಲಿಗೆ ಜನ ಬರುವುದೇ ಬೇರೆ.

ಬೆಂಗಳೂರಿನಲ್ಲಿ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣವು ಆರಂಭವಾದಾಗ ಎಚ್.ಎ.ಎಲ್. ನಿಲ್ದಾಣದಿಂದ ಸಾರ್ವಜನಿಕ ಸಂಚಾರವು ನಿಂತುಹೋದುದನ್ನು ನಾವು ಬಲ್ಲೆವು. ಆದರೆ ಮಹಾನಗರವು ಸುತ್ತಲೂ ಬೆಳೆಯುತ್ತಿದ್ದುದರಿಂದ ಅಲ್ಲಿಯ ಜನರಿಗೆ ಬೇರೆ ಉದ್ಯೋಗಗಳು ದೊರೆಯುವಂತಿದ್ದುವು. ವಾಸ್ಕೋಗೆ ಆ ವಿಸ್ತಾರವಿಲ್ಲ. ಒಂದನ್ನೇ ಅಳತೆಗೋಲಾಗಿ ಹಿಡಿದು ಇನ್ನೊಂದನ್ನು ಅಳೆಯುವುದು ಸರಿಯಾಗದು.

ನನ್ನ ಅಭಿಪ್ರಾಯವಿಷ್ಟು: ಮೋಪಾ ಬಂದುದರಿಂದ ದಾಬೋಳಿಯ ಹಂಚಿಕೆಯು ಹಿಂದಿಗಿಂತ ಸುಲಭವಾಗಬೇಕು, ಮುರಿಯಬೇಕಾಗಿಲ್ಲ. ಕಡಲತೀರದ ರಕ್ಷಣೆಗೆ ಬೇಕಾದ ಗಂಟೆಗಳು ನೌಕಾದಳಕ್ಕೆ ನಿರಾತಂಕವಾಗಿ ದೊರೆಯಲಿ. ಉಳಿದ ಹೊತ್ತನ್ನು ದಕ್ಷಿಣ ಗೋವೆಗೂ ಕಾರವಾರದ ಕಡೆಯವರಿಗೂ ಹತ್ತಿರವಾಗುವ ಸಂಚಾರಕ್ಕೆ ಬಿಟ್ಟುಕೊಡಲಿ. ಬೀದರಿನಲ್ಲಿಯೂ 2020ರಲ್ಲಿ ವಾಯುಪಡೆಯ ನೆಲೆಯಿಂದಲೇ ನಾಗರಿಕ ಸಂಚಾರವು ಆರಂಭವಾಯಿತು. ಇಂಥ ಊರುಗಳಲ್ಲಿ ಹೊಸ ರನ್‌ವೇಗೆ ರೈತನ ಭೂಮಿಯನ್ನು ಕೇಳುವ ಮೊದಲು, ಇರುವ ರನ್‌ವೇಯ ದಿನದ ಇಪ್ಪತ್ತನಾಲ್ಕು ಗಂಟೆಗಳು ಹೇಗೆ ಕಳೆಯುತ್ತಿವೆಯೆಂಬುದನ್ನು ಲೆಕ್ಕಹಾಕಿ ನೋಡುವುದು ವಿವೇಕದ ಮಾತು. ಈ ಲೆಕ್ಕವು ಎಂಜಿನಿಯರರಿಗೆ ಮಾತ್ರ ಸೇರಿದುದಲ್ಲ; ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವೂ ಅದನ್ನು ಮಾಡಬಲ್ಲೆವು, ಮಾಡಬೇಕು.