ಅದುಮಿದ ಗಾಳಿಯ ನೂಕುಬಲ

ಊದಿದ ಬೆಲೂನಿನ ಬಾಯಿ ಬಿಟ್ಟೊಡನೆ ಗಾಳಿ ಹಿಂದಕ್ಕೆ ನುಗ್ಗಿ, ಬೆಲೂನು ಮುಂದಕ್ಕೆ ಹಾರುತ್ತದೆ. ಗಾಲಿಹಲಗೆಯ ಮೇಲೆ ಕುಳಿತು ಮನುಷ್ಯನೂ ಹೀಗೆ ಓಡಬಹುದೆ? ಲೆಕ್ಕ ಹಾಕೋಣ.

೧೦ ಲೀಟರಿನ ಸಿಲಿಂಡರಿನಲ್ಲಿ ವಾಯುಮಂಡಲದ ೨೦೦ ಪಟ್ಟು ಒತ್ತಡದಿಂದ ಅದುಮಿದ ಗಾಳಿಯ ದ್ರವ್ಯರಾಶಿ ಸುಮಾರು ೨.೪ ಕಿಲೋಗ್ರಾಂ. ಅದು ಸೆಕೆಂಡಿಗೆ ೫೦೦ ಮೀಟರು ವೇಗದಿಂದ ಚಿಮ್ಮಿತೆನ್ನಿ. ಸವಾರನೂ ಸೇರಿ ಬಂಡಿಯ ದ್ರವ್ಯರಾಶಿ ೮೦ ಕಿಲೋಗ್ರಾಂ ಆದರೆ, ಸಂವೇಗ ನಿಯಮದಂತೆ, ಘರ್ಷಣೆಯನ್ನು ಬಿಟ್ಟರೆ, ಬಂಡಿಗೆ ದೊರೆಯುವ ವೇಗ ಸೆಕೆಂಡಿಗೆ ಸುಮಾರು ೧೫ ಮೀಟರು. ಚಲನಶಕ್ತಿಯಾದರೋ ವೇಗದ ವರ್ಗವನ್ನು ಅನುಸರಿಸುತ್ತದೆ: ಗಾಳಿಯ ಪಾಲು ೩,೦೦,೦೦೦ ಜೂಲ್, ಬಂಡಿಯದು ಕೇವಲ ೯,೦೦೦!

೧೮೭೯ರಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಓಡತೊಡಗಿದ ಮೆಕಾರ್ಸ್ಕಿ ಟ್ರಾಮಿನಲ್ಲಿ ಗಾಳಿಯು ಪಿಸ್ಟನ್ನನ್ನು ತಳ್ಳಿ ಗಾಲಿಯನ್ನು ತಿರುಗಿಸುತ್ತಿತ್ತು. ಇಂಥ ಅಪವ್ಯಯ ಅಲ್ಲಿರಲಿಲ್ಲ.

ಸಿಲಿಂಡರು ಸಿಡಿದರೆ ಈ ಶಕ್ತಿಯೆಲ್ಲ ಒಮ್ಮೆಗೇ ಹೊರಬೀಳುವುದು. ಮನೆಯ ಪ್ರಯೋಗಕ್ಕೆ ಬೆಲೂನೇ ಸಾಕು.